ಬೆಂಗಳೂರಿನ ಗಾಳಿಗೆ ಮೊದಲು ಏನು ಕೇಳೋಣ: ಬಸ್ಸಾ, ಮೆಟ್ರೋನಾ, ಎಲೆಕ್ಟ್ರಿಕ್ ಗಾಡಿನಾ, ರಸ್ತೆ ಶುಲ್ಕನಾ?

ಹೋದ ತಿಂಗಳು ನಮ್ಮ ಬೀದಿಯವರೆಲ್ಲ ಕೂತು ಒಂದು ಪಟ್ಟಿ ಮಾಡಿದೆವು. ಪಾಲಿಕೆಗೆ ವೋಟು ಕೇಳಿಕೊಂಡು ಯಾರು ಬಂದರೂ ಅವರ ಕೈಗೆ ಕೊಡೋಣ ಅಂತ. ನೀರು, ಕಸ, ಬೀದಿದೀಪ ಬೇಗ ಮುಗಿಯಿತು. ಗಾಳಿಯ ವಿಷಯಕ್ಕೆ ಬಂದಾಗ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬರಿಗೆ ಮೆಟ್ರೋ ಬೇಕು. ಇನ್ನೊಬ್ಬರು ಹಳೇ ಗಾಡಿಗಳನ್ನೆಲ್ಲ ಗುಜರಿಗೆ ಹಾಕಿಸಿ ಅಂದರು. ಹೊಸದಾಗಿ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡ ಹುಡುಗ, ಎಲ್ಲರೂ ನನ್ನ ಹಾಗೆ ಬದಲಾಯಿಸಿದರೆ ಮುಗೀತಲ್ಲ ಅಂದ. ಎದುರುಮನೆ ಅಜ್ಜಿ, ‘ಅದೆಲ್ಲ ಆಮೇಲೆ ನೋಡ್ಕೊಳ್ಳಿ, ಮೊದ್ಲು ಬಸ್ ಸ್ಟಾಪಿನ ತನಕ ನಡೆಯೋಕೆ ಜಾಗ ಮಾಡ್ಸಿ’ ಅಂದರು.

ಪಟ್ಟಿಯಲ್ಲಿ ಗಾಳಿಗೆ ಉಳಿದಿದ್ದು ಮೂರು ಸಾಲಿನ ಜಾಗ. ಅವತ್ತಿನಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ. ನಮ್ಮ ಮಗಳಿಗೆ ಚಳಿ ಶುರುವಾದರೆ ಉಬ್ಬಸವೂ ಶುರು. ರಾತ್ರಿ ಎರಡು ಗಂಟೆಗೆ ನೆಬ್ಯುಲೈಸರ್ ಹಿಡಿದು ಕೂರುವ ಅಪ್ಪ ಅಮ್ಮಂದಿರಿಗೆ ಇದು ಸುಮ್ನೆ ಮಾತಾಡಿ ಎದ್ದುಹೋಗುವ ವಿಷಯ ಅಲ್ಲ. ಹಾಗಾಗಿ ಎಲ್ಲ ದಾರಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನಿಮ್ಮ ಬೀದಿಯಲ್ಲೂ ಇಂಥ ಪಟ್ಟಿ ಮಾಡುತ್ತಿದ್ದರೆ ಉಪಯೋಗಕ್ಕೆ ಬರಬಹುದು.

ಹೊಗೆ ಬೇರೆ, ಕಾರ್ಬನ್ ಬೇರೆ

ಹೋಲಿಸುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನಾವು ‘ಮಾಲಿನ್ಯ’ ಅಂತ ಒಂದೇ ಪದ ಬಳಸುತ್ತೇವೆ. ಆದರೆ ಅದರಲ್ಲಿ ಎರಡು ವಿಷಯ ಇವೆ. ಒಂದು, ಈ ಹೊತ್ತು ಈ ಸಿಗ್ನಲ್ಲಿನಲ್ಲಿ ನಿಂತವರ ಶ್ವಾಸಕೋಶಕ್ಕೆ ಹೋಗುವ ಸಣ್ಣ ಕಣ ಮತ್ತು ನೈಟ್ರೋಜನ್ ಅನಿಲ. ಇನ್ನೊಂದು, ಇಡೀ ಭೂಮಿಯನ್ನು ಬಿಸಿ ಮಾಡುವ ಕಾರ್ಬನ್ ಡೈಆಕ್ಸೈಡ್. ಮೊದಲನೆಯದು ಎಲ್ಲಿ ಹೊರಬರುತ್ತದೆ ಅನ್ನುವುದು ಮುಖ್ಯ. ಎರಡನೆಯದು ಎಲ್ಲಿ ಬಂದರೂ ಒಂದೇ. ಒಂದು ಯೋಜನೆ ಮೊದಲನೆಯದಕ್ಕೆ ತುಂಬಾ ಒಳ್ಳೆಯದಾಗಿದ್ದು ಎರಡನೆಯದಕ್ಕೆ ಅಷ್ಟಕ್ಕಷ್ಟೇ ಇರಬಹುದು. ಇದನ್ನು ಬೇರೆ ಮಾಡದೆ ವಾದ ಮಾಡಿದರೆ ಕೊನೆಯೇ ಇರುವುದಿಲ್ಲ.

ಬೆಂಗಳೂರು ದೆಹಲಿಯಷ್ಟು ಕೆಟ್ಟಿಲ್ಲ, ನಿಜ. ಅತಿ ಸಣ್ಣ ಕಣಗಳಿಗೆ, ಅಂದರೆ ಪಿಎಂ 2.5ಕ್ಕೆ, ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ. ಬೆಂಗಳೂರಿನ ಸರಾಸರಿ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಕೆಳಗೇ ಇರುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಮಿತಿ 5. ಅಂದರೆ ‘ನಮ್ಮಲ್ಲಿ ಪರವಾಗಿಲ್ಲ’ ಅನ್ನುವ ಗಾಳಿಯೂ ಆ ಮಿತಿಯ ಹಲವು ಪಟ್ಟು ಮೇಲಿದೆ. ದಪ್ಪ ಧೂಳಿನ ಲೆಕ್ಕದಲ್ಲಿ, ಪಿಎಂ 10ರಲ್ಲಿ, ದೇಶದ ಮಿತಿಯನ್ನೇ ದಾಟಿದ್ದಕ್ಕೆ 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಊರುಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಊರಿಗೆ ಸರಾಸರಿ ಎಷ್ಟಿದ್ದರೂ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ನಿಂತ ಟ್ರಾಫಿಕ್ ಪೊಲೀಸರು ಉಸಿರಾಡುವುದು ಆ ಸರಾಸರಿಯನ್ನಲ್ಲ.

ಒಂದು ವಾರದ ಓಡಾಟದ ಲೆಕ್ಕ

ಇದನ್ನು ಒಂದು ಹಾಳೆ ತಗೊಂಡು ನೀವೇ ಮಾಡಿ ನೋಡಿ. ನನಗಂತೂ ಇಲ್ಲೇ ಕಣ್ಣು ತೆರೆದದ್ದು.

ಮನೆಯಿಂದ ಆಫೀಸಿಗೆ 10 ಕಿ.ಮೀ. ಅಂದುಕೊಳ್ಳಿ. ಹೋಗಿ ಬಂದು 20, ವಾರಕ್ಕೆ ಐದು ದಿನ, ಒಟ್ಟು 100 ಕಿ.ಮೀ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಡೀಸೆಲ್ ಆದರೆ ಸುಮಾರು 2.7 ಕೆ.ಜಿ. ನಮ್ಮ ದೇಶದ ಕರೆಂಟಿನಲ್ಲಿ ಜಾಸ್ತಿ ಪಾಲು ಕಲ್ಲಿದ್ದಲಿನದು, ಹಾಗಾಗಿ ಒಂದು ಯೂನಿಟ್‌ಗೆ ಸರಾಸರಿ 0.7 ಕೆ.ಜಿ. ಹಿಡಿಯಬಹುದು.

ಈಗ ಕಾರಿನಲ್ಲಿ ಒಬ್ಬರೇ ಹೋಗುತ್ತೀರಿ. ಊರೊಳಗಿನ ಟ್ರಾಫಿಕ್ಕಿನಲ್ಲಿ ಲೀಟರಿಗೆ 12 ಕಿ.ಮೀ. ಕೊಟ್ಟರೆ ವಾರಕ್ಕೆ 19 ಕೆ.ಜಿ. ಅದೇ ಕಾರು ಎಲೆಕ್ಟ್ರಿಕ್ ಆದರೆ ಸುಮಾರು 15 ಯೂನಿಟ್ ಬೇಕು, ಅಂದರೆ 10 ಕೆ.ಜಿ. ಚಿಲ್ಲರೆ. ಲೀಟರಿಗೆ 45 ಕೊಡುವ ಪೆಟ್ರೋಲ್ ಸ್ಕೂಟರ್ 5 ಕೆ.ಜಿ. ಎಲೆಕ್ಟ್ರಿಕ್ ಸ್ಕೂಟರಿಗೆ 3 ಯೂನಿಟ್ ಸಾಕು, 2 ಕೆ.ಜಿ. ಆಸುಪಾಸು.

ಇನ್ನು ಬಸ್ಸು. ಅದೂ ಸಾಮಾನ್ಯ ಡೀಸೆಲ್ ಬಸ್ಸು. ಲೀಟರಿಗೆ 4 ಕಿ.ಮೀ. ಹಿಡಿದರೆ 100 ಕಿ.ಮೀ.ಗೆ 25 ಲೀಟರ್, ಸುಮಾರು 67 ಕೆ.ಜಿ. ಅದರಲ್ಲಿ 40 ಜನ ಇದ್ದರೆ ತಲೆಗೆ 1.7 ಕೆ.ಜಿ.

ಅಂದರೆ ತುಂಬಿದ ಡೀಸೆಲ್ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರು ಒಬ್ಬರೇ ಎಲೆಕ್ಟ್ರಿಕ್ ಕಾರಿನಲ್ಲಿ ಹೋಗುವವರಿಗಿಂತ ಆರು ಪಟ್ಟು ಕಡಿಮೆ ಕಾರ್ಬನ್ ಬಿಡುತ್ತಿದ್ದಾರೆ. ಎಲೆಕ್ಟ್ರಿಕ್ ಸ್ಕೂಟರಿನವರಿಗಿಂತಲೂ ಒಂದು ಚೂರು ಕಡಿಮೆಯೇ. ಬಸ್ಸು ಖಾಲಿ ಓಡಿದರೆ ಈ ಲೆಕ್ಕ ತಿರುಗಿ ಬೀಳುತ್ತದೆ, ಅದು ನಿಜ. ಆದರೆ ಬೆಳಿಗ್ಗೆ ಎಂಟಕ್ಕೆ ಬೆಂಗಳೂರಿನ ಬಸ್ಸುಗಳು ಖಾಲಿ ಓಡುವುದನ್ನು ನೋಡಿದವರು ಯಾರಿದ್ದಾರೆ?

ಈ ಹಾಳೆ ಮುಂದಿಟ್ಟುಕೊಂಡೇ ಉಳಿದದ್ದನ್ನು ನೋಡಿದೆ. ಯಾವ ಯಂತ್ರ ಅನ್ನುವುದಕ್ಕಿಂತ ಅದರಲ್ಲಿ ಎಷ್ಟು ಜನ ಅನ್ನುವುದೇ ದೊಡ್ಡ ವ್ಯತ್ಯಾಸ ಮಾಡುತ್ತದೆ.

ಬಸ್ಸೋ, ಮೆಟ್ರೋನೋ?

ಎರಡೂ ಬೇಕು. ಮೊದಲು ಯಾವುದು ಅಂದರೆ ನಾನು ಬಸ್ಸು ಅನ್ನುತ್ತೇನೆ.

ಮೆಟ್ರೋ ಮೇಲೆ ನನಗೆ ಪ್ರೀತಿಯಿದೆ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ ಊರೇ ಹಬ್ಬ ಮಾಡಿತ್ತು. ನೇರಳೆ ಮಾರ್ಗ, ಹಸಿರು ಮಾರ್ಗ, ಈಗ ಹಳದಿ ಮಾರ್ಗ. ದಿನಕ್ಕೆ ಎಂಟು ಹತ್ತು ಲಕ್ಷ ಜನ ಹತ್ತುತ್ತಾರೆ. ಒಬ್ಬರನ್ನೂ ಹೊಗೆಯಲ್ಲಿ ನಿಲ್ಲಿಸದೆ ಊರಿನ ಆ ತುದಿಯಿಂದ ಈ ತುದಿಗೆ ಒಯ್ಯುವ ಸಾಧನ ಇನ್ನೊಂದಿಲ್ಲ. ಸಮಸ್ಯೆ ಇರುವುದು ಕಾಲದಲ್ಲಿ. ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಅದರಲ್ಲಿದ್ದ ಆರ್.ವಿ. ರಸ್ತೆ-ಬೊಮ್ಮಸಂದ್ರ ಮಾರ್ಗ ತೆರೆದದ್ದು 2025ರ ಆಗಸ್ಟಿನಲ್ಲಿ, ಅದೂ ಶುರುವಿನಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು. ಹನ್ನೊಂದು ವರ್ಷ ಅಂದರೆ ಒಂದು ಮಗು ಹುಟ್ಟಿ ಐದನೇ ಕ್ಲಾಸಿಗೆ ಬರುವಷ್ಟು ಕಾಲ. ಒಂದು ಕಿಲೋಮೀಟರಿಗೆ ನೂರಾರು ಕೋಟಿ ಬೇಕು. ಜೊತೆಗೆ 2025ರ ಫೆಬ್ರವರಿಯಲ್ಲಿ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಏರಿತು. ಸ್ಕೂಟರಿನ ಪೆಟ್ರೋಲ್ ಅದಕ್ಕಿಂತ ಅಗ್ಗ ಅಂತ ಲೆಕ್ಕ ಹಾಕಿದವರು ಸ್ಕೂಟರಿಗೆ ಮರಳಿದರೆ ಅವರನ್ನು ಬೈಯುವ ಹಾಗಿಲ್ಲ. ಟಿಕೆಟ್ ದರ ಕೂಡ ಗಾಳಿಯ ನೀತಿಯೇ, ಅಲ್ವಾ?

ಬಸ್ಸು ಹಾಗಲ್ಲ. ಬಿಎಂಟಿಸಿ ಹತ್ತಿರ ಈಗ ಏಳು ಸಾವಿರದ ಆಸುಪಾಸು ಬಸ್ಸುಗಳಿವೆ. ದಿನಕ್ಕೆ 40 ಲಕ್ಷಕ್ಕೂ ಮೀರಿ ಜನ ಓಡಾಡುತ್ತಾರೆ. ಅಂದರೆ ಮೆಟ್ರೋಗಿಂತ ನಾಲ್ಕೈದು ಪಟ್ಟು ಹೊರೆ ಹೊರುತ್ತಿರುವುದು ಬಸ್ಸೇ. ಲಂಡನ್ನಿನಲ್ಲಿ ಸುಮಾರು 90 ಲಕ್ಷ ಜನಕ್ಕೆ ಎಂಟು ಸಾವಿರಕ್ಕೂ ಜಾಸ್ತಿ ಬಸ್ಸಿವೆ, ಅದೂ ನೂರೈವತ್ತು ವರ್ಷ ಹಳೆಯ ಸುರಂಗ ರೈಲಿನ ಜಾಲ ಇದ್ದೂ. ನಮ್ಮ ಜನಸಂಖ್ಯೆ ಅದಕ್ಕಿಂತ ತುಂಬಾ ಜಾಸ್ತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಂತಾದ ಮೇಲೆ ಬಸ್ಸು ಎಷ್ಟು ತುಂಬಿತು ಅನ್ನುವುದು ಎಲ್ಲರಿಗೂ ಗೊತ್ತು. ಬಸ್ಸಿದ್ದರೆ ಜನ ಹತ್ತುತ್ತಾರೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಹತ್ತುವವರು ಹೆಚ್ಚಿದಾಗ ಬಸ್ಸೂ ಹೆಚ್ಚಬೇಕು. ಇವತ್ತು ಆರ್ಡರ್ ಕೊಟ್ಟರೆ ಒಂದೆರಡು ವರ್ಷದಲ್ಲಿ ರಸ್ತೆಗಿಳಿಯುವ ಪರಿಹಾರ ನನಗೆ ಕಂಡಿದ್ದು ಇದೊಂದೇ.

ಉಪನಗರ ರೈಲಿನ ಬಗ್ಗೆ ಒಂದು ಮಾತು. 148 ಕಿ.ಮೀ., ನಾಲ್ಕು ಮಾರ್ಗ, 2022ರ ಜೂನಿನಲ್ಲಿ ಅಡಿಗಲ್ಲು ಬಿತ್ತು. ತುಮಕೂರು ರಸ್ತೆ, ಯಲಹಂಕ, ಕೆಂಗೇರಿ ಕಡೆಯವರು ಇದನ್ನು ಬಿಡದೆ ಕೇಳುತ್ತಿರಬೇಕು. ಆದರೆ ಇದು ಕೂಡ ಕಾಯುವ ಪರಿಹಾರ.

ಡೀಸೆಲ್ ಬಸ್ಸೋ, ಎಲೆಕ್ಟ್ರಿಕ್ ಬಸ್ಸೋ?

ಇಲ್ಲಿ ಹೊಗೆ ಮತ್ತು ಕಾರ್ಬನ್ ಬೇರೆ ಬೇರೆ ಉತ್ತರ ಕೊಡುತ್ತವೆ. ದೊಡ್ಡ ಎಲೆಕ್ಟ್ರಿಕ್ ಬಸ್ಸಿಗೆ ಕಿಲೋಮೀಟರಿಗೆ ಸುಮಾರು ಒಂದು ಯೂನಿಟ್ ಬೇಕು. ನೂರು ಕಿಲೋಮೀಟರಿಗೆ 70 ಕೆ.ಜಿ. ಹೌದು, ದೇಶದ ಸರಾಸರಿ ಕರೆಂಟಿನ ಲೆಕ್ಕದಲ್ಲಿ ಡೀಸೆಲ್ ಬಸ್ಸಿನ ಹತ್ತಿರಹತ್ತಿರವೇ. ಪಾವಗಡದ ಸೋಲಾರ್, ಶರಾವತಿಯ ನೀರು, ಚಿತ್ರದುರ್ಗದ ಗಾಳಿಗಿರಣಿಗಳ ಕರೆಂಟು ಡಿಪೋಗೆ ಬಂದರೆ ಕಾರ್ಬನ್ನಿನಲ್ಲೂ ದೊಡ್ಡ ಲಾಭ ಸಿಗುತ್ತದೆ. ಹಾಗಾಗಿ ಹಗಲು ಸೋಲಾರ್ ಜಾಸ್ತಿ ಇರುವಾಗ ಡಿಪೋದಲ್ಲಿ ಚಾರ್ಜ್ ಮಾಡುವುದು ಸಣ್ಣ ವಿಷಯವಲ್ಲ.

ಆದರೆ ಹೊಗೆಯ ಲೆಕ್ಕದಲ್ಲಿ ಎಲೆಕ್ಟ್ರಿಕ್ ಬಸ್ಸೇ ಗೆಲ್ಲುತ್ತದೆ, ಅದರಲ್ಲಿ ಅನುಮಾನವೇ ಬೇಡ. ಮೆಜೆಸ್ಟಿಕ್ಕಿನ ಪ್ಲಾಟ್‌ಫಾರ್ಮಿನಲ್ಲಿ ಇಂಜಿನ್ ಆನ್ ಮಾಡಿ ನಿಂತ ಹಳೇ ಡೀಸೆಲ್ ಬಸ್ಸಿನ ಹಿಂದೆ ನಿಂತು ನೋಡಿ, ಆಮೇಲೆ ಎಲೆಕ್ಟ್ರಿಕ್ ಬಸ್ಸಿನ ಹಿಂದೆ ನಿಂತು ನೋಡಿ. 2020ರ ಏಪ್ರಿಲಿನಿಂದ ಗಾಡಿಗಳ ಹೊಗೆಗೆ ಬಿಎಸ್-6 ಅನ್ನುವ ಬಿಗಿ ನಿಯಮ ಬಂದು, ಡೀಸೆಲ್ಲಿನ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿದ ಮೇಲೆ ಹೊಸ ಡೀಸೆಲ್ ಬಸ್ಸುಗಳ ಹೊಗೆ ಮೊದಲಿಗಿಂತ ತುಂಬಾ ಕಡಿಮೆ. ಅದಕ್ಕೆ ನನ್ನ ಲೆಕ್ಕ ಇಷ್ಟು: ಹಳೇ ಬಿಎಸ್-3, ಬಿಎಸ್-4 ಬಸ್ಸುಗಳ ಜಾಗಕ್ಕೆ ಎಲೆಕ್ಟ್ರಿಕ್ ಬರಲಿ, ಆದರೆ ಒಟ್ಟು ಬಸ್ಸುಗಳ ಸಂಖ್ಯೆ ಕಡಿಮೆಯಾಗಬಾರದು. ಎಲೆಕ್ಟ್ರಿಕ್ ಬರುವ ತನಕ ಬಸ್ಸೇ ಇಲ್ಲ ಅನ್ನುವ ಪರಿಸ್ಥಿತಿ ಬಂದರೆ, ಆ ಜನ ಎಲ್ಲ ಟೂವೀಲರ್ ಸಾಲ ಮಾಡುತ್ತಾರೆ. ಒಂದು ಸಲ ಇಎಂಐ ಶುರುವಾದವರನ್ನು ಮತ್ತೆ ಬಸ್ಸಿಗೆ ತರುವುದು ತುಂಬಾ ಕಷ್ಟ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ 4,500 ಎಲೆಕ್ಟ್ರಿಕ್ ಬಸ್ ಹಂಚಿಕೆಯಾಗಿದೆ. ಅವು ಯಾವ ಡಿಪೋಗೆ, ಯಾವ ತಿಂಗಳು ಬರುತ್ತವೆ ಅನ್ನುವ ಪ್ರಶ್ನೆಯನ್ನು ನಾವು ಬಾಯಿಬಿಟ್ಟು ಕೇಳಬೇಕು.

ಬಸ್ಸಿಗೆ ಬೇರೆ ಲೇನು

ಬಸ್ ಎಷ್ಟಿದ್ದರೂ ಕಾರುಗಳ ಮಧ್ಯೆ ಸಿಕ್ಕಿಹಾಕಿಕೊಂಡರೆ ಏನು ಪ್ರಯೋಜನ? ಒಂದು ಬಸ್ಸು ದಿನಕ್ಕೆ ಆರು ಟ್ರಿಪ್ ಮಾಡುವ ಕಡೆ ನಾಲ್ಕೇ ಮಾಡಿದರೆ, ಕಾಸು ಖರ್ಚಿಲ್ಲದೆ ಮೂರನೇ ಒಂದು ಭಾಗ ಬಸ್ಸನ್ನು ಕಳೆದುಕೊಂಡ ಹಾಗೆ.

2019ರ ಕೊನೆಯಲ್ಲಿ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಟಿನ್ ಫ್ಯಾಕ್ಟರಿ ಕಡೆಗೆ, ಬಸ್ಸಿಗೆ ಅಂತಲೇ ಲೇನು ಬಿಟ್ಟಿದ್ದು ನೆನಪಿದೆಯಾ? ಬದಿಯಲ್ಲಿ ಸಣ್ಣ ಕಂಬಗಳನ್ನು ನೆಟ್ಟಿದ್ದರು. ಪಕ್ಕದಲ್ಲಿ ಕಾರುಗಳು ನಿಂತಿರುವಾಗ 500ಡಿ ಬಸ್ಸು ಸರಾಗವಾಗಿ ಹೋಗುವುದನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಆಮೇಲೆ ಮೆಟ್ರೋ ಕಾಮಗಾರಿ ಮತ್ತು ಕೊರೊನಾ ಮಧ್ಯೆ ಆ ಲೇನು ಉಳಿಯಲಿಲ್ಲ. ಇವತ್ತು ಆ ಪ್ರಯೋಗವನ್ನು ಮತ್ತೆ ಕೇಳುವವರೇ ಕಡಿಮೆ. ನನಗೆ ಇದು ತುಂಬಾ ಬೇಸರದ ವಿಷಯ. ನಿಮಿಷಕ್ಕೊಂದು ಬಸ್ಸು, ತಲಾ 50 ಜನ ಅಂದರೆ ಒಂದೇ ಲೇನಿನಲ್ಲಿ ಗಂಟೆಗೆ 3,000 ಜನ. ಅದೇ ಲೇನಿನಲ್ಲಿ ಒಬ್ಬೊಬ್ಬರೇ ಕೂತ ಕಾರುಗಳು ಅದರ ಅರ್ಧ ಸಾಗಿಸುವುದೂ ಕಷ್ಟ.

ಲೇನು ಮಾಡುವುದರಲ್ಲೂ ಎರಡು ದಾರಿ ಇವೆ. ಹುಬ್ಬಳ್ಳಿ-ಧಾರವಾಡದ್ದು ದೊಡ್ಡ ದಾರಿ. ಸುಮಾರು 22 ಕಿ.ಮೀ. ರಸ್ತೆಯ ಮಧ್ಯೆ ಬೇಲಿ ಹಾಕಿ, ನಿಲ್ದಾಣ ಕಟ್ಟಿ, ‘ಚಿಗರಿ’ ಬಸ್ ಬಿಟ್ಟರು. 2018ರಲ್ಲಿ ಓಡಾಟ ಶುರುವಾಗಿ 2020ರ ಫೆಬ್ರವರಿಯಲ್ಲಿ ಔಪಚಾರಿಕ ಉದ್ಘಾಟನೆಯಾಯಿತು. ಅವಳಿ ನಗರದ ನಡುವೆ ಹೋಗುವ ವಿದ್ಯಾರ್ಥಿಗಳಿಗೆ, ನೌಕರರಿಗೆ ಚಿಗರಿ ದೊಡ್ಡ ಅನುಕೂಲ. ಪಕ್ಕದ ಲೇನುಗಳಲ್ಲಿ ಇಕ್ಕಟ್ಟಾಯಿತು ಅನ್ನುವ ದೂರೂ ಅಷ್ಟೇ ಜೋರಾಗಿದೆ. ದೆಹಲಿ 2008ರಲ್ಲಿ ಶುರು ಮಾಡಿದ ಇಂಥದ್ದೇ ಕಾರಿಡಾರನ್ನು 2016ರಲ್ಲಿ ಕಿತ್ತುಹಾಕಿತು. ಇನ್ನೊಂದು ದಾರಿ ಹೊರವರ್ತುಲ ರಸ್ತೆಯ ಹಾಗೆ ಬಣ್ಣ, ಕಂಬ, ಕ್ಯಾಮೆರಾ ಇಟ್ಟು ಮಾಡುವ ಸರಳ ಲೇನು. ಅಗಲ ರಸ್ತೆ ಇರುವ ಕಡೆ ನಾನು ಎರಡನೆಯದನ್ನೇ ಮೊದಲು ಕೇಳುತ್ತೇನೆ. ಖರ್ಚು ಕಡಿಮೆ, ತಪ್ಪಾದರೆ ತಿದ್ದಬಹುದು. ಆದರೆ ಕಾಯುವವರು ಬೇಕು. ಕ್ಯಾಮೆರಾ ಮತ್ತು ದಂಡ ಇಲ್ಲದ ಬಸ್ ಲೇನು ಒಂದೇ ವಾರದಲ್ಲಿ ಪಾರ್ಕಿಂಗ್ ಲೇನು ಆಗಿಬಿಡುತ್ತದೆ.

ಎಲೆಕ್ಟ್ರಿಕ್ ಸ್ಕೂಟರ್, ಕಾರು: ಯಾರಿಗೆ ಸಹಾಯಧನ ಕೊಡಬೇಕು?

ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಬೆಂಗಳೂರಿನ ಗಾಡಿಗಳ ಸಂಖ್ಯೆ ಒಂದು ಕೋಟಿ ದಾಟಿದೆ, ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಟೂವೀಲರ್. ಇವೆಲ್ಲ ಪೆಟ್ರೋಲ್ ಬಿಟ್ಟರೆ ಸಿಗ್ನಲ್ಲಿನ ಗಾಳಿ ಖಂಡಿತ ಹಗುರಾಗುತ್ತದೆ. ಪೆಟ್ರೋಲ್ ಸ್ಕೂಟರಿನಿಂದ ಎಲೆಕ್ಟ್ರಿಕ್ಕಿಗೆ ಹೋದರೆ ಕಾರ್ಬನ್ ಅರ್ಧಕ್ಕಿಂತ ಕೆಳಗೆ ಇಳಿಯುವುದನ್ನು ಮೇಲೆ ನೋಡಿದೆವು. ನಮ್ಮ ಬೀದಿಯ ಆ ಹುಡುಗನ ಮಾತು ಸುಳ್ಳಲ್ಲ.

ಆದರೆ ಸರ್ಕಾರದ ದುಡ್ಡು ಎಲ್ಲಿ ಹಾಕಬೇಕು ಅನ್ನುವುದು ಬೇರೆ ಪ್ರಶ್ನೆ. ಒಂದು ಆಟೋ ದಿನಕ್ಕೆ ನೂರು ಕಿಲೋಮೀಟರ್ ಓಡುತ್ತದೆ. ಊಟ, ದಿನಸಿ ತಲುಪಿಸುವ ಹುಡುಗರ ಬೈಕುಗಳೂ ಹಾಗೇ, ಬೆಳಿಗ್ಗೆಯಿಂದ ರಾತ್ರಿ ತನಕ ಓಟ. ಸಾಮಾನು ಸಾಗಿಸುವ ಸಣ್ಣ ಟೆಂಪೋಗಳಂತೂ ಗಲ್ಲಿಗಲ್ಲಿ ಸುತ್ತುತ್ತವೆ. ಅದೇ ನಮ್ಮ ನಿಮ್ಮ ಮನೆಯ ಕಾರು ದಿನದ 22 ಗಂಟೆ ನಿಂತೇ ಇರುತ್ತದೆ. ಒಂದು ರೂಪಾಯಿ ಸಹಾಯಧನಕ್ಕೆ ಎಷ್ಟು ಹೊಗೆ ಕಡಿಮೆಯಾಯಿತು ಅಂತ ಕೇಳಿದರೆ ಆಟೋ, ಡೆಲಿವರಿ ಬೈಕು, ಟೆಂಪೋ ಮೊದಲು ಬರುತ್ತವೆ. ದುಬಾರಿ ಎಲೆಕ್ಟ್ರಿಕ್ ಕಾರು ಕೊನೆಗೆ. 25 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಎಲೆಕ್ಟ್ರಿಕ್ ಕಾರುಗಳ ರಸ್ತೆ ತೆರಿಗೆ ವಿನಾಯಿತಿಯನ್ನು ರಾಜ್ಯ 2024ರಲ್ಲಿ ತೆಗೆದದ್ದು ಸರಿಯಾಗಿಯೇ ಇದೆ ಅಂತ ನನ್ನ ಅಭಿಪ್ರಾಯ. ಆಟೋ ಓಡಿಸುವವರಿಗೆ ಬೇಕಾದದ್ದು ಕಡಿಮೆ ಬಡ್ಡಿಯ ಸಾಲ, ಸ್ಟ್ಯಾಂಡಿನ ಹತ್ತಿರವೇ ಚಾರ್ಜಿಂಗ್ ಅಥವಾ ಬ್ಯಾಟರಿ ಬದಲಿಸುವ ಜಾಗ. ಪಾಲಿಕೆ ಅದಕ್ಕೆ ನಾಲ್ಕಡಿ ಜಾಗ ಕೊಡಬಹುದು.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಟೈರು ಸವೆದು ಬರುವ ಪುಡಿ, ಬ್ರೇಕಿನ ಪುಡಿ, ರಸ್ತೆಯಿಂದ ಏಳುವ ಧೂಳು, ಇದಕ್ಕೆಲ್ಲ ಬ್ಯಾಟರಿಯಲ್ಲಿ ಉತ್ತರ ಇಲ್ಲ. ಕಾರಿನ ಜಾಗದಲ್ಲಿ ಎಲೆಕ್ಟ್ರಿಕ್ ಕಾರು ನಿಂತರೆ ಟ್ರಾಫಿಕ್ ಜಾಮ್ ಹಾಗೇ ಇರುತ್ತದೆ, ಬಸ್ಸು ಅದರ ಹಿಂದೆಯೇ ನಿಂತಿರುತ್ತದೆ.

ನಿಷೇಧಗಳು: ಸಮ-ಬೆಸ, ಹಳೇ ಗಾಡಿ

ಸಮ-ಬೆಸ, ಅಂದರೆ ಸಮ ನಂಬರಿನ ಗಾಡಿ ಒಂದು ದಿನ, ಬೆಸ ನಂಬರಿನದು ಮರುದಿನ ಅನ್ನುವ ನಿಯಮ, ಬೇಡ. 2016ರ ಜನವರಿಯಲ್ಲಿ ದೆಹಲಿ ಹದಿನೈದು ದಿನ ಮಾಡಿತು, ಆದರೆ ಟೂವೀಲರ್ ಬಿಟ್ಟು. ಇಲ್ಲೂ ಟೂವೀಲರ್ ಬಿಟ್ಟರೆ ಉಳಿಯುವುದೇನು? ಬಿಡದಿದ್ದರೆ ಅಷ್ಟು ಜನ ಹತ್ತಲು ಬಸ್ ಎಲ್ಲಿದೆ? ಮೆಕ್ಸಿಕೋ ಸಿಟಿ 1989ರಲ್ಲಿ ನಂಬರ್ ಪ್ಲೇಟ್ ನೋಡಿ ವಾರಕ್ಕೊಂದು ದಿನ ಗಾಡಿ ನಿಲ್ಲಿಸುವ ನಿಯಮ ತಂದಾಗ, ಅನುಕೂಲ ಇದ್ದವರು ಬೇರೆ ನಂಬರಿನ ಇನ್ನೊಂದು ಹಳೇ ಕಾರು ಕೊಂಡರು.

ಹಳೇ ಗಾಡಿಗಳ ವಿಷಯ ಸ್ವಲ್ಪ ಬೇರೆ. ಒಂದು ಹಳೇ ಡೀಸೆಲ್ ಲಾರಿ ಬಿಡುವ ಹೊಗೆಗೆ ಹತ್ತಾರು ಹೊಸ ಕಾರು ಸಮ, ಹಾಗಾಗಿ ಇದರಲ್ಲಿ ಲಾಭ ಇದೆ. ಆದರೆ ವಯಸ್ಸು ನೋಡಿ ಹೊಡೆಯುವುದು ಒರಟು ವಿಧಾನ. ದೆಹಲಿಯಲ್ಲಿ 2025ರ ಜುಲೈ 1ರಿಂದ ಹಳೇ ಗಾಡಿಗೆ ಬಂಕಿನಲ್ಲಿ ಇಂಧನ ಕೊಡಬಾರದು ಅಂತ ಮಾಡಿ, ಜನ ಸಿಟ್ಟಾಗಿ, ಕೆಲವೇ ದಿನದಲ್ಲಿ ನಿಲ್ಲಿಸಬೇಕಾಯಿತು. ನಮ್ಮ ಎಮಿಷನ್ ಟೆಸ್ಟೂ ಅರೆಬರೆ. ಪೆಟ್ರೋಲ್ ಗಾಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ನೋಡುತ್ತಾರೆ, ಡೀಸೆಲ್ಲಿನಲ್ಲಿ ಹೊಗೆಯ ದಟ್ಟಣೆ ನೋಡುತ್ತಾರೆ. ನೈಟ್ರೋಜನ್ ಅನಿಲ ಅಳೆಯುವುದೇ ಇಲ್ಲ. ಮೊದಲು ವಾಣಿಜ್ಯ ಡೀಸೆಲ್ ಗಾಡಿಗಳನ್ನು ಸರಿಯಾಗಿ ಪರೀಕ್ಷಿಸಲಿ. ದಿನಾ ಓಡುವವು ಅವೇ.

ದೆಹಲಿಯ ಸಿಎನ್‌ಜಿ ಕಥೆ ಇಲ್ಲಿ ನೆನಪಿಡಬೇಕು. ಬಸ್ಸುಗಳು ಡೀಸೆಲ್ ಬಿಟ್ಟು ಸಿಎನ್‌ಜಿ ಅನಿಲದಲ್ಲಿ ಓಡಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲಿ ಆದೇಶ ಕೊಟ್ಟಿತು, 2002ರ ಕೊನೆಗೆ ಬಸ್ಸುಗಳೆಲ್ಲ ಬದಲಾದವು, ಕಪ್ಪು ಹೊಗೆ ಹೋಯಿತು. ದೊಡ್ಡ ಕೆಲಸವೇ. ಆದರೆ ಖಾಸಗಿ ಗಾಡಿ ಏರುತ್ತಲೇ ಹೋಗಿ ಕೆಲವು ವರ್ಷದಲ್ಲಿ ಆ ಲಾಭವನ್ನು ತಿಂದುಹಾಕಿತು.

ರಸ್ತೆಗೆ ದುಡ್ಡೋ, ಪಾರ್ಕಿಂಗಿಗೆ ದುಡ್ಡೋ?

ಹೊರವರ್ತುಲ ರಸ್ತೆಗೆ ದಟ್ಟಣೆ ಶುಲ್ಕ ಹಾಕುವ, ಅಂದರೆ ಟ್ರಾಫಿಕ್ ಜಾಸ್ತಿ ಇರುವ ರಸ್ತೆಗೆ ಬರುವ ಗಾಡಿಗಳಿಂದ ದುಡ್ಡು ತಗೊಳ್ಳುವ ಮಾತು ಆಗಾಗ ಬರುತ್ತದೆ. ಹಾಗೆ ಬಂದಾಗಲೆಲ್ಲ ಜನ ಸಿಡಿಮಿಡಿ ಆಗುತ್ತಾರೆ. ಆ ಸಿಟ್ಟಿನಲ್ಲಿ ನ್ಯಾಯವೂ ಇದೆ. ಬೇರೆ ಕಡೆ ಹೇಗೆ ಮಾಡಿದರು ಅಂತ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ.

ಲಂಡನ್ 2003ರ ಫೆಬ್ರವರಿ 17ರಂದು ಊರ ನಡುವಿಗೆ ಬರುವ ಕಾರಿಗೆ 5 ಪೌಂಡ್ ಶುಲ್ಕ ಹಾಕಿತು. ಅವತ್ತೇ ಸುಮಾರು 300 ಹೆಚ್ಚುವರಿ ಬಸ್ಸು ರಸ್ತೆಗಿಳಿದವು. ಸ್ಟಾಕ್‌ಹೋಮ್ ಇನ್ನೂ ಚೆನ್ನಾಗಿ ಮಾಡಿತು. 2006ರ ಜನವರಿಯಲ್ಲಿ ಏಳು ತಿಂಗಳ ಪ್ರಯೋಗ ಶುರು ಮಾಡುವ ಮೊದಲೇ, 2005ರ ಆಗಸ್ಟಿನಲ್ಲಿ, 197 ಹೊಸ ಬಸ್ಸು ತಂದು 16 ಹೊಸ ಮಾರ್ಗ ತೆರೆದಿತ್ತು. ಶುಲ್ಕದ ಗಡಿ ದಾಟುವ ಗಾಡಿಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾದವು. ಮೊದಲು ಬೇಡ ಅನ್ನುತ್ತಿದ್ದ ಊರಿನವರೇ, ನೋಡಿದ ಮೇಲೆ ಬೇಕು ಅಂತ ಮತ ಹಾಕಿದರು. 2007ರಿಂದ ಅದು ಕಾಯಂ. ಸಿಂಗಪುರ 1975ರಿಂದಲೇ ಮಾಡುತ್ತಿದೆ.

ಮೊದಲು ಬಸ್, ಆಮೇಲೆ ಶುಲ್ಕ. ಬೆಂಗಳೂರಿನಲ್ಲಿ ತಿರುವುಮುರುವು ಮಾಡಿದರೆ, ಸರ್ಜಾಪುರ ರಸ್ತೆಯ ಒಳಗಿನಿಂದ ಬಸ್ಸಿಲ್ಲದೆ ಸ್ಕೂಟರಿನಲ್ಲಿ ಬರುವ ಸೆಕ್ಯುರಿಟಿ ಗಾರ್ಡೂ ದುಡ್ಡು ಕಟ್ಟಬೇಕಾಗುತ್ತದೆ. ಅದು ಅನ್ಯಾಯ.

ಹಾಗಾಗಿ ಈಗಲೇ ಮಾಡಬಹುದಾದ್ದು ಪಾರ್ಕಿಂಗ್ ಶುಲ್ಕ. ಒಂದು ಕಾರು ನಿಲ್ಲಲು ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅಂದರೆ ಹೆಚ್ಚುಕಡಿಮೆ 10 ಅಡಿಗೆ 13 ಅಡಿಯ ಒಂದು ರೂಮಿನಷ್ಟು ಜಾಗ. ಅಷ್ಟು ಜಾಗದ ರೂಮನ್ನು ಜಯನಗರದಲ್ಲೋ ಇಂದಿರಾನಗರದಲ್ಲೋ ಬಾಡಿಗೆಗೆ ಕೇಳಿ ನೋಡಿ. ರಸ್ತೆಯಲ್ಲಿ ಮಾತ್ರ ಅದು ಹೆಚ್ಚಿನ ಕಡೆ ಪುಕ್ಕಟೆ, ಹಗಲು ರಾತ್ರಿ. ನಗರ ಭೂಸಾರಿಗೆ ನಿರ್ದೇಶನಾಲಯ ಮಾಡಿದ ಪಾರ್ಕಿಂಗ್ ನೀತಿಗೆ 2021ರಲ್ಲಿ ಒಪ್ಪಿಗೆ ಸಿಕ್ಕಿದೆ, ಏರಿಯಾವಾರು ಯೋಜನೆಗಳ ಮಾತೂ ಅದರಲ್ಲಿದೆ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿವೆ. ಇದನ್ನು ಜಾರಿ ಮಾಡಲು ಹೊಸ ಕಾನೂನು ಬೇಕಿಲ್ಲ, ಕೇಂದ್ರದ ಒಪ್ಪಿಗೆ ಬೇಕಿಲ್ಲ, ಮನಸ್ಸು ಬೇಕು. ಬಂದ ದುಡ್ಡು ಅದೇ ರಸ್ತೆಯ ಫುಟ್‌ಪಾತಿಗೆ ಹೋಗುತ್ತದೆ ಅಂತ ಬರೆದುಕೊಟ್ಟರೆ ಅಂಗಡಿಯವರೂ ಒಪ್ಪುತ್ತಾರೆ ಅನ್ನುವುದು ನನ್ನ ನಂಬಿಕೆ.

ಸುರಂಗ ರಸ್ತೆ ಬಗ್ಗೆಯೂ ಕೇಳುತ್ತಾರೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿ.ಮೀ., ಅಂದಾಜು ಖರ್ಚು 17 ಸಾವಿರ ಕೋಟಿಗೂ ಮೇಲೆ. ಒಂದು ಎಲೆಕ್ಟ್ರಿಕ್ ಬಸ್ಸಿಗೆ ಒಂದೂವರೆ ಕೋಟಿ ಅಂತ ಹಿಡಿದರೂ ಆ ದುಡ್ಡಿಗೆ 11 ಸಾವಿರಕ್ಕೂ ಜಾಸ್ತಿ ಬಸ್ ಬರುತ್ತವೆ. ಗಾಳಿಯ ಪಟ್ಟಿಯಲ್ಲಿ ನಾನು ಇದಕ್ಕೆ ಜಾಗ ಕೊಡುವುದಿಲ್ಲ.

ಅಜ್ಜಿ ಹೇಳಿದ್ದು

ಫುಟ್‌ಪಾತನ್ನು ನಾನೂ ಮೊದಲು ಗಾಳಿಯ ವಿಷಯ ಅಂದುಕೊಂಡಿರಲಿಲ್ಲ. ಆದರೆ ಬಸ್ಸಿಗೆ, ಮೆಟ್ರೋಗೆ ಹೋಗುವ ಪ್ರತಿಯೊಬ್ಬರೂ ಮೊದಲು ನಡೆಯಬೇಕು. ನಮ್ಮ ಬೀದಿಯಿಂದ ಸ್ಟಾಪಿಗೆ ಐನೂರು ಮೀಟರ್ ಇಲ್ಲ. ಅಷ್ಟರಲ್ಲಿ ಒಂದು ಟ್ರಾನ್ಸ್‌ಫಾರ್ಮರ್, ಎರಡು ಕಡೆ ಕಿತ್ತ ಚಪ್ಪಡಿ, ಒಂದು ಕಡೆ ಮರಳಿನ ರಾಶಿ, ಉಳಿದ ಕಡೆ ನಿಂತ ಕಾರುಗಳು. ಮಳೆ ಬಂದರಂತೂ ಮಗು ಕರೆದುಕೊಂಡು ಹೋಗುವ ಮಾತೇ ಇಲ್ಲ. ಆಗ ಸ್ಕೂಟರ್ ಕೀ ಕೈಗೆ ಬರುತ್ತದೆ.

ಧೂಳಿಗೂ ಇದಕ್ಕೂ ನೇರ ಸಂಬಂಧ ಇದೆ. ಬೆಂಗಳೂರಿನ ಗಾಳಿಯ ಅಧ್ಯಯನಗಳಲ್ಲಿ ಗಾಡಿಯ ಹೊಗೆ ಮತ್ತು ರಸ್ತೆ ಧೂಳು ಎರಡೂ ಮೇಲಿನ ಸಾಲಿನಲ್ಲೇ ಬರುತ್ತವೆ. ಟಾರು ಮುಗಿದು ಮಣ್ಣು ಶುರುವಾಗುವ ಅಂಚಿನಿಂದಲೇ ಆ ಧೂಳು ಜಾಸ್ತಿ ಏಳುವುದು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಗೋಡೆಯಿಂದ ಗೋಡೆಗೆ ಚಪ್ಪಡಿ ಹಾಕಿ, ಪೈಪು ಕೇಬಲ್ಲುಗಳನ್ನೆಲ್ಲ ಅದರ ಕೆಳಗೆ ಇಟ್ಟ ಮೇಲೆ ಆ ಅಂಚೇ ಇಲ್ಲವಾಯಿತು. ಮತ್ತೆ ಮತ್ತೆ ಅಗೆಯುವುದೂ ಕಡಿಮೆಯಾಯಿತು. ಧೂಳು ಗುಡಿಸುವ ದೊಡ್ಡ ಯಂತ್ರ ತರಿಸುವುದಕ್ಕಿಂತ ಧೂಳು ಹುಟ್ಟುವ ಅಂಚನ್ನೇ ಮುಚ್ಚುವುದು ಒಳ್ಳೆಯದು.

ನಿಮ್ಮ ಏರಿಯಾಕ್ಕೆ ಯಾವುದು?

ಎಲ್ಲರಿಗೂ ಒಂದೇ ಉತ್ತರ ಸರಿಹೋಗುವುದಿಲ್ಲ. ಮೆಟ್ರೋ ನಿಲ್ದಾಣದಿಂದ ಎರಡು ಮೂರು ಕಿ.ಮೀ. ಒಳಗಿದ್ದರೆ ನಿಲ್ದಾಣಕ್ಕೆ ಮುಟ್ಟಿಸುವ ಫೀಡರ್ ಬಸ್ ಹತ್ತು ನಿಮಿಷಕ್ಕೊಂದು ಮತ್ತು ನಡೆಯುವ ದಾರಿ ಕೇಳಿ, ಬೇರೇನೂ ಬೇಡ. ಹೊರವರ್ತುಲ ರಸ್ತೆ, ಬಳ್ಳಾರಿ ರಸ್ತೆ, ಹೊಸೂರು ರಸ್ತೆಯ ಹತ್ತಿರ ಇದ್ದರೆ ಬಸ್ ಲೇನು ಕೇಳಿ. ಮಲ್ಲೇಶ್ವರ, ಬಸವನಗುಡಿ, ಗಾಂಧಿ ಬಜಾರಿನಂಥ ಹಳೇ ಏರಿಯಾದಲ್ಲಿ ರಸ್ತೆಯೇ ಕಿರಿದು, ಅಲ್ಲಿ ಲೇನು ಆಗುವುದಿಲ್ಲ. ಪಾರ್ಕಿಂಗ್ ಶುಲ್ಕ ಮತ್ತು ಫುಟ್‌ಪಾತ್ ಸರಿ. ಪೀಣ್ಯ, ಬೊಮ್ಮಸಂದ್ರದ ಕಡೆ ಲಾರಿ, ಟೆಂಪೋಗಳ ಹೊಗೆ ಮೊದಲ ಶತ್ರು. ಅಲ್ಲಿ ಡೀಸೆಲ್ ಗಾಡಿಗಳ ಪರೀಕ್ಷೆ ಮತ್ತು ಎಲೆಕ್ಟ್ರಿಕ್ ಟೆಂಪೋ.

ಬೆಂಗಳೂರಿನ ಹೊರಗಿದ್ದರೆ ಲೆಕ್ಕ ಬೇರೆ. ಮೈಸೂರು ಇನ್ನೂ ಸೈಕಲ್ ತುಳಿಯಬಹುದಾದ ಊರು. 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಯೋಜನೆಯನ್ನು ಉಳಿಸಿ ಬೆಳೆಸಲು ಕೇಳಿ, ರಸ್ತೆಯಲ್ಲಿ ಸೈಕಲ್ಲಿಗೆ ಜಾಗ ಕೇಳಿ. ಮಂಗಳೂರಿನಲ್ಲಿ ಸಿಟಿ ಬಸ್ಸುಗಳಲ್ಲಿ ಜಾಸ್ತಿ ಖಾಸಗಿಯವರದು, ಹಾಗಾಗಿ ಅವರು ಎಲೆಕ್ಟ್ರಿಕ್ ಬಸ್ ಕೊಳ್ಳಲು ಸಾಲ ಮತ್ತು ಚಾರ್ಜಿಂಗ್ ಜಾಗ ಸಿಗುವುದು ಮುಖ್ಯ. ದಾವಣಗೆರೆ, ಕಲಬುರಗಿಯಲ್ಲಿ ಧೂಳು ಮೊದಲು.

ನಮ್ಮ ಪಟ್ಟಿಯ ಮೂರು ಸಾಲಿನಲ್ಲಿ ಕೊನೆಗೆ ಬರೆದದ್ದು ಇಷ್ಟು. ಒಂದು, ಬೀದಿಯ ಬಾಯಿಂದ ಬಸ್ ಸ್ಟಾಪಿನ ತನಕ ಒಂದೂ ಕಡೆ ರಸ್ತೆಗೆ ಇಳಿಯದೆ ನಡೆಯುವಂಥ ಫುಟ್‌ಪಾತ್, ಆರು ತಿಂಗಳೊಳಗೆ. ಎರಡು, ಬೆಳಿಗ್ಗೆ ಏಳರಿಂದ ಹತ್ತು, ಸಂಜೆ ಐದರಿಂದ ಒಂಬತ್ತರ ತನಕ ಹತ್ತು ನಿಮಿಷಕ್ಕೊಂದು ಬಸ್, ಅದಕ್ಕೆ ಮುಖ್ಯರಸ್ತೆಯಲ್ಲಿ ಕ್ಯಾಮೆರಾ ಇರುವ ಲೇನು. ಮೂರು, ಮುಖ್ಯರಸ್ತೆಯಲ್ಲಿ ಗಂಟೆ ಲೆಕ್ಕದ ಪಾರ್ಕಿಂಗ್ ಶುಲ್ಕ, ಬಂದ ಹಣದ ಲೆಕ್ಕ ಪ್ರತಿ ಮೂರು ತಿಂಗಳಿಗೆ ವಾರ್ಡ್ ಕಚೇರಿಯ ಬೋರ್ಡಿನಲ್ಲಿ. ಎಲೆಕ್ಟ್ರಿಕ್ ಸ್ಕೂಟರಿನ ಹುಡುಗ ಮೊದಲು ಸಹಿ ಹಾಕಿದ. ಅಜ್ಜಿ ಕನ್ನಡಕ ತರಿಸಿ, ಮೊದಲನೇ ಸಾಲನ್ನು ಎರಡು ಸಲ ಓದಿ, ‘ಆರು ತಿಂಗಳು’ ಅನ್ನುವುದರ ಕೆಳಗೆ ಗೆರೆ ಎಳೆದು ಆಮೇಲೆ ಸಹಿ ಹಾಕಿದರು.